ಲಿಲಾವಿನಲ್ಲಿ ಕೊಂಡ ಸಮಬಲ

ನಮ್ಮ ಗಂಗಾವತಿಯಲ್ಲಿ ಲಿಲಾವು ಎಂದರೆ ಮೊದಲು ನೆನಪಾಗುವುದು ಭತ್ತ. ಎಪಿಎಂಸಿ ಯಾರ್ಡಿನಲ್ಲಿ ರಾಶಿ ಸುರಿದಿರುತ್ತದೆ. ಖರೀದಿದಾರ ಬಂದು ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ ಒಂದು ಹಿಡಿ ಕಾಳು ತೆಗೆಯುತ್ತಾನೆ, ಅಂಗೈಯಲ್ಲಿ ಉಜ್ಜುತ್ತಾನೆ, ಊದುತ್ತಾನೆ, ಹಲ್ಲಲ್ಲಿ ಕಚ್ಚಿ ನೋಡುತ್ತಾನೆ. ರೈತ ಹೆಗಲಿಗೆ ಟವೆಲ್ಲು ಹಾಕಿಕೊಂಡು ಅವನ ಮುಖವನ್ನೇ ನೋಡುತ್ತ ನಿಂತಿರುತ್ತಾನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮೂರಿನ ಶಾದಿ ಮಹಲೊಂದರಲ್ಲಿ ಇಂಥದ್ದೇ ಲಿಲಾವು ನೋಡಿದೆವು. ಅಲ್ಲಿ ರಾಶಿ ಇರಲಿಲ್ಲ. ಹುಡುಗರಿದ್ದರು.

ಊರ ಕಡೆಯ ಟೆನಿಸ್ ಬಾಲ್ ಕ್ರಿಕೆಟ್ಟಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಭತ್ತ ಕೊಯ್ದು ಹುಲ್ಲಿನ ಬಣವೆ ಒಟ್ಟಿದ ಮೇಲೆ ಗದ್ದೆ ಒಣಗಿ ಬಿರುಸಾಗುತ್ತದೆ. ಟ್ರ್ಯಾಕ್ಟರಿನಿಂದ ಎಳೆದು ಸಮ ಮಾಡಿ, ನಡುವೆ ಒಂದು ಮ್ಯಾಟು ಹಾಸಿದರೆ ಅದೇ ಮೈದಾನ. ಒಂದು ಪೆಂಡಾಲು, ಒಂದು ಮೈಕು, ರೈಸ್ ಮಿಲ್ಲಿನವರು ಕೊಟ್ಟ ಪ್ರಥಮ ಬಹುಮಾನ, ಮುಂದಿನ ಚುನಾವಣೆಗೆ ನಿಲ್ಲುವವರು ಕೊಟ್ಟ ದ್ವಿತೀಯ ಬಹುಮಾನ. ಓಣಿಗೊಂದು ಟೀಮು, ಕ್ಯಾಂಪಿಗೊಂದು ಟೀಮು. ನಾವು ಹೇಳುತ್ತಿರುವ ಟೂರ್ನಮೆಂಟಿನಲ್ಲಿ ಸತತ ಮೂರು ವರ್ಷ ಒಂದೇ ಟೀಮು ಗೆದ್ದಿತ್ತು. ಗೆದ್ದದ್ದು ಓಣಿಯ ಹುಡುಗರಲ್ಲ. ಹೊಸಪೇಟೆಯಿಂದ ಇಬ್ಬರು, ಬಳ್ಳಾರಿಯಿಂದ ಮೂವರು, ಹುಬ್ಬಳ್ಳಿಯಿಂದ ಒಬ್ಬ ಎಡಗೈ ಬೌಲರ್. ಮ್ಯಾಚಿಗಿಷ್ಟು ಎಂದು ಕೂಲಿ, ಮೇಲೆ ಬಿರಿಯಾನಿ. ಕ್ಯಾಪ್ಟನ್ ಮಾತ್ರ ಊರಿನವನು, ಏಕೆಂದರೆ ಅವನು ದುಡ್ಡು ಹಾಕಿದವರ ತಮ್ಮ. ನಾಲ್ಕನೆಯ ವರ್ಷ ಉಳಿದ ಟೀಮುಗಳು ಎಂಟ್ರಿ ಫೀ ಕಟ್ಟಲೇ ಇಲ್ಲ. "ಯಾವಾಗಲೂ ಅವರ ಹೊಡೀತಾರ, ನಾವ್ಯಾಕ ಬಿಸಲಾಗ ನಿಂದರಬೇಕು" ಎಂದರು.

ಸಮಿತಿಯವರು ಕೆಟ್ಟವರಲ್ಲ, ನಮ್ಮ ಪರಿಚಯದವರೇ. ಟೂರ್ನಮೆಂಟು ಸಾಯುತ್ತಿದೆ ಎಂಬ ಸಂಕಟ ಅವರಿಗೂ ಇತ್ತು. ಅವರು ಟಿವಿ ನೋಡಿ ಉಪಾಯ ಕಂಡುಕೊಂಡರು. ಹೊರಗಿನ ಆಟಗಾರರು ಬೇಡ. ಎಂಟು ಜನ ಮಾಲೀಕರು. ಪ್ರತಿಯೊಬ್ಬರ ಕೈಗೂ ಅಷ್ಟೇ ಅಷ್ಟು ಪಾಯಿಂಟು. ಊರಿನ ಹುಡುಗರ ಹೆಸರು ಒಂದೊಂದಾಗಿ ಕೂಗುವುದು. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ. ಸಾಹಿತಿಗಳೆಂಬ ಕಾರಣಕ್ಕೆ ನಮ್ಮನ್ನೂ ವೇದಿಕೆಯ ಮೇಲೆ ಕೂರಿಸಿದರು. ಶಾಲು ಹೊದಿಸಿದರು. ನಾವು ಹೊದ್ದುಕೊಂಡೆವು. ಅದನ್ನೂ ಇಲ್ಲಿ ಬರೆಯಲೇಬೇಕು.

ನಮ್ಮ ಓಣಿಯ ಹಮಾಲರೊಬ್ಬರ ಮಗನ ಹೆಸರು ಬಂತು. ಆ ಹುಡುಗ ಎದ್ದು ನಿಂತ. ಮೂಲ ಬೆಲೆ ಐನೂರು ಪಾಯಿಂಟು. ಮೈಕಿನವನು ಒಂದು ಸಲ ಎಂದ, ಎರಡು ಸಲ ಎಂದ. ಎಂಟು ಟೇಬಲ್ಲುಗಳಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಹುಡುಗ ಚೆನ್ನಾಗಿಯೇ ಬೌಲ್ ಮಾಡುತ್ತಾನೆ, ಆದರೆ ಮಿಲ್ಲಿನ ಪಾಳಿಯಿಂದಾಗಿ ಹಿಂದಿನ ಎರಡು ವರ್ಷ ಆಡಿರಲಿಲ್ಲ. ಟೇಬಲ್ಲಿನಲ್ಲಿದ್ದವರಿಗೆ ಅವನು ಗೊತ್ತಿರಲಿಲ್ಲ. "ಅನ್‌ಸೋಲ್ಡ್" ಎಂದು ಮೈಕಿನಲ್ಲಿ ಕೇಳಿತು. ಹಿಂದಿನ ಸಾಲಿನಲ್ಲಿ ಅವನ ತಂದೆ ಕುಳಿತಿದ್ದರು. ಮಿಲ್ಲಿನಿಂದ ನೇರ ಬಂದದ್ದು, ರೆಪ್ಪೆಯ ಮೇಲೆ ಇನ್ನೂ ತೌಡಿನ ಧೂಳು. ಹೊರಗೆ ಬರುವಾಗ ಯಾರೋ ತಮಾಷೆಗೆ, "ಕ್ಯಾ ಮಿಯಾಂ, ಛೋರಾ ನೈ ಬಿಕ್ಯಾ?" ಎಂದರು. ಹುಡುಗ ಮಾರಾಟವಾಗಲಿಲ್ಲವೇ ಎಂದು. ಅವರು ನಕ್ಕುಬಿಟ್ಟರು. ಆ ನಗುವನ್ನು ಎಷ್ಟೋ ಸಲ ಕಥೆಯಲ್ಲಿ ತರಲು ನೋಡಿದ್ದೇವೆ, ಬಂದಿಲ್ಲ.

ಟೂರ್ನಮೆಂಟು ಮಾತ್ರ ಭರ್ಜರಿಯಾಯಿತು. ಪಂದ್ಯಗಳೆಲ್ಲ ಕೊನೆಯ ಓವರಿಗೆ ಹೋದವು. ಯಾರು ಗೆಲ್ಲುತ್ತಾರೆಂದು ಕೊನೆಯ ದಿನದವರೆಗೂ ಹೇಳುವಂತಿರಲಿಲ್ಲ. ಜನವೋ ಜನ. "ನೋಡ್ರಿ ಸಾಹೇಬ್ರ, ಎಲ್ಲಾ ಟೀಮೂ ಬರೋಬರ್" ಎಂದು ಸಮಿತಿಯವರು ಹೆಮ್ಮೆಪಟ್ಟರು. ಬರೋಬರ್ ಆದದ್ದು ನಿಜ. ಆದರೆ ಬರೋಬರ್ ಆದದ್ದು ಯಾರು ಯಾರು? ಎಂಟು ಜನ ಮಾಲೀಕರು.

ಇಷ್ಟು ಚಿಕ್ಕ ಊರಿನ ಇಷ್ಟು ಚಿಕ್ಕ ಸಂಗತಿಯನ್ನು ಹಿಡಿದುಕೊಂಡು ನಾವು ಏಕೆ ಜಗಳಕ್ಕೆ ನಿಂತಿದ್ದೇವೆ ಎಂದರೆ, ದೊಡ್ಡ ಆಟಗಳ ಬಗ್ಗೆ ನಡೆಯುತ್ತಿರುವ ಚರ್ಚೆಯೆಲ್ಲ ಈ ಶಾದಿ ಮಹಲಿನಷ್ಟೇ ಅಗಲ ಇದೆ. ಅಲ್ಲಿ ಎರಡೇ ಪಕ್ಷ. ಒಂದು ಪಕ್ಷ ಹೇಳುತ್ತದೆ: ಒಂದೇ ತಂಡ ಸದಾ ಗೆದ್ದರೆ ಆಟ ಸಾಯುತ್ತದೆ, ಆದ್ದರಿಂದ ಎಲ್ಲರ ಜೇಬೂ ಸಮ ಮಾಡಿ. ಇನ್ನೊಂದು ಪಕ್ಷ ಹೇಳುತ್ತದೆ: ಬಲವಿದ್ದವನು ಗೆಲ್ಲಲಿ, ಓಡುವ ಕುದುರೆಯ ಕಾಲು ಕಟ್ಟುವುದು ಯಾವ ನ್ಯಾಯ? ಇಬ್ಬರೂ ನೋಡುತ್ತಿರುವುದು ಕಪ್ಪನ್ನು ಮಾತ್ರ. ಕಪ್ಪು ಯಾರ ಮನೆಗೆ ಎಷ್ಟು ಸಲ ಹೋಯಿತು ಎಂಬ ಲೆಕ್ಕವನ್ನೇ ಸಮಬಲದ ಲೆಕ್ಕ ಎಂದು ನಂಬಿದ್ದಾರೆ. ಮೈದಾನದ ಗೇಟಿನ ತನಕ ಯಾರು ಬಂದರು, ಯಾರು ಬರಲಾಗಲಿಲ್ಲ ಎಂಬುದು ಇಬ್ಬರ ಲೆಕ್ಕದಲ್ಲೂ ಇಲ್ಲ.

ಕಪ್ಪಿನ ಲೆಕ್ಕವನ್ನೇ ಒಮ್ಮೆ ನೋಡೋಣ. ಐಪಿಎಲ್ 2008ರಲ್ಲಿ ಶುರುವಾದದ್ದೇ ಸಮಬಲದ ವಾಗ್ದಾನದೊಂದಿಗೆ. ಎಲ್ಲರಿಗೂ ಒಂದೇ ಮಿತಿಯ ಹಣ, ಟಿವಿ ಹಕ್ಕಿನ ಹಣದಲ್ಲಿ ಎಲ್ಲರಿಗೂ ಪಾಲು. 2025ರವರೆಗಿನ 18 ಆವೃತ್ತಿಗಳಲ್ಲಿ ಮುಂಬೈ ಐದು ಸಲ, ಚೆನ್ನೈ ಐದು ಸಲ ಗೆದ್ದವು. ಉಳಿದ ಎಂಟನ್ನು ಆರು ತಂಡಗಳು ಹಂಚಿಕೊಂಡವು. ಪರ್ಸು ಒಂದೇ ಆದರೂ ಪರ್ಸಿನ ಹಿಂದಿನ ಕಣ್ಣು ಒಂದೇ ಅಲ್ಲವಲ್ಲ. ವರ್ಷವಿಡೀ ದೇಶ ಸುತ್ತಿ ಹುಡುಗರನ್ನು ನೋಡುವ ಪಗಾರದ ಜನ ಯಾರ ಬಳಿ ಹೆಚ್ಚಿದ್ದಾರೆ? ಮುಂಬೈ ತಂಡದ ಮಾಲೀಕರಿಗೆ ಕೇಪ್‌ಟೌನಿನಲ್ಲಿ, ನ್ಯೂಯಾರ್ಕಿನಲ್ಲಿ, ಅರಬ್ ನಾಡಿನಲ್ಲಿ ಕೂಡ ಅದೇ ಹೆಸರಿನ ತಂಡಗಳಾದವು. ಹಣದ ಮಿತಿ ಲಿಲಾವಿನ ಒಂದೆರಡು ದಿನಕ್ಕೆ. ಉಳಿದ ದಿನಗಳಿಗೆ ಮಿತಿಯಿಲ್ಲ.

ಬೆಂಗಳೂರಿನ ತಂಡ 18ನೆಯ ವರ್ಷದಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಮೊದಲ ಕಪ್ಪು ಎತ್ತಿತು. ಅಂದು ರಾತ್ರಿ ಗಂಗಾವತಿಯಲ್ಲೂ ಪಟಾಕಿ ಹೊಡೆದರು. ತಂಡಕ್ಕೆ ಒಂದು ಮದ್ಯದ ಹೆಸರು ಎಂಬುದನ್ನು ನಮ್ಮ ಓಣಿಯ ನಮಾಜಿ ಹುಡುಗರೂ ಎಂದೋ ಮರೆತಿದ್ದಾರೆ. ಆ ಫೈನಲ್ಲಿನ ಹನ್ನೊಂದರಲ್ಲಿ ಕರ್ನಾಟಕದವರು ಒಬ್ಬರೇ, ಮಯಾಂಕ್ ಅಗರ್ವಾಲ್; ಅವರೂ ಗಾಯಗೊಂಡವರ ಬದಲಿಗೆ ಬಂದವರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಹದಿನೆಂಟು ವರ್ಷದ ಕಾಯುವಿಕೆಯನ್ನೇ ಸರಕು ಮಾಡಿ ಮಾರಿದವರು, ಸರಕು ಕೊಂಡವರು ಒಮ್ಮೆಲೇ ಬಾಗಿಲಿಗೆ ಬಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ.

ನಮ್ಮ ತಕರಾರಿನ ತಿರುಳು ಇರುವುದು ರಾಜ್ಯದೊಳಗಿನ ಆಟದಲ್ಲಿ. 2009ರಿಂದ 2019ರವರೆಗೆ ಕರ್ನಾಟಕ ಪ್ರೀಮಿಯರ್ ಲೀಗ್ ನಡೆಯಿತು. ಬಿಜಾಪುರ, ಬೆಳಗಾವಿ, ಹುಬ್ಬಳ್ಳಿ, ಮುಂದೆ ಬಳ್ಳಾರಿ ಹೆಸರಿನ ತಂಡಗಳೂ ಇದ್ದವು. 2019ರಲ್ಲಿ ಸ್ಪಾಟ್ ಫಿಕ್ಸಿಂಗಿನ ಆರೋಪ, ಬಂಧನಗಳು, ಲೀಗ್ ಬಂದ್. 2022ರ ಜನವರಿಯಲ್ಲಿ ರಾಜ್ಯ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬರುವುದಿಲ್ಲ ಎಂದು ಪ್ರಕರಣವನ್ನು ರದ್ದು ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಲೀಗು ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಹುಟ್ಟಿತು.

ಈ ಮಹಾರಾಜ ಟ್ರೋಫಿಯ ಪಟ್ಟಿ ನೋಡಿದರೆ ಸಮಬಲದ ಪಕ್ಷದವರು ಕುಣಿದಾಡಬೇಕು. 2022ರಲ್ಲಿ ಗುಲ್ಬರ್ಗ, 2023ರಲ್ಲಿ ಹುಬ್ಬಳ್ಳಿ, 2024ರಲ್ಲಿ ಮೈಸೂರು, 2025ರಲ್ಲಿ ಮಂಗಳೂರು. ನಾಲ್ಕು ವರ್ಷ, ನಾಲ್ಕು ಚಾಂಪಿಯನ್ನರು, ಅವರಲ್ಲಿ ಬೆಂಗಳೂರು ಇಲ್ಲವೇ ಇಲ್ಲ. ಮೊದಲ ವರ್ಷವೇ ಗುಲ್ಬರ್ಗ ಮಿಸ್ಟಿಕ್ಸ್ ಫೈನಲ್ಲಿನಲ್ಲಿ ಬೆಂಗಳೂರು ಬ್ಲಾಸ್ಟರ್ಸನ್ನು ಸೋಲಿಸಿತು. ಪತ್ರಿಕೆಯ ತಲೆಬರಹ ಮಾತ್ರ ಓದಿದವರು, ಕಲ್ಯಾಣ ಕರ್ನಾಟಕ ರಾಜಧಾನಿಯನ್ನು ಮಣಿಸಿತು, ಪ್ರಾದೇಶಿಕ ಅಸಮತೋಲನ ಕೊನೆಗೊಂಡಿತು ಎಂದೇ ತಿಳಿದಾರು.

ಈಗ ತಲೆಬರಹದ ಕೆಳಗೆ ಇಳಿಯೋಣ. ಗುಲ್ಬರ್ಗ ಎಂಬ ತಂಡ ಈ ನಾಲ್ಕು ವರ್ಷಗಳಲ್ಲಿ ಕಲಬುರಗಿಯಲ್ಲಿ ಒಂದೇ ಒಂದು ಪಂದ್ಯ ಆಡಿಲ್ಲ. ಪಂದ್ಯಗಳೆಲ್ಲ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಖಾಜಾ ಬಂದೇನವಾಜರ ಊರಿನ ಹೆಸರು ಎದೆಯ ಮೇಲೆ ಹೊತ್ತ ಹುಡುಗರಿಗೆ ಆ ಊರಿನ ರಸ್ತೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ರಾಯಚೂರಿನ ಮನೋಜ್ ಭಾಂಡಗೆ 2024ರ ಫೈನಲ್ಲಿನ ಕೊನೆಯ ಓವರುಗಳಲ್ಲಿ ಮನಸೋಇಚ್ಛೆ ಬಡಿದು ತಂಡವನ್ನು ಗೆಲ್ಲಿಸಿದರು. ಗೆಲ್ಲಿಸಿದ್ದು ಮೈಸೂರನ್ನು. ಇದರಲ್ಲಿ ಅವರ ತಪ್ಪೇನೂ ಇಲ್ಲ; ಯಾವ ತಂಡ ಕರೆಯಿತೋ ಅಲ್ಲಿ ಆಡಬೇಕು. ನಮ್ಮ ಪ್ರಶ್ನೆ ಊರಿನ ಹೆಸರುಗಳ ಬಗ್ಗೆ. ಊರಿನ ಮೈದಾನ ಬೇಡ, ಊರಿನ ಹುಡುಗರು ಬೇಡ, ಊರಿನ ಪ್ರೇಕ್ಷಕರು ಬೇಡ, ಹೆಸರು ಮಾತ್ರ ಬೇಕು ಎಂದರೆ ಅದನ್ನು ಪ್ರಾತಿನಿಧ್ಯ ಎನ್ನಬೇಕೋ ಬ್ರಾಂಡ್ ಎನ್ನಬೇಕೋ? ಸೋನಾ ಮಸೂರಿ ಚೀಲದ ಮೇಲೆ ಗಂಗಾವತಿಯ ಹೆಸರು ಅಚ್ಚು ಹಾಕಿಸಿ ಒಳಗೆ ಬೇರೆ ಊರಿನ ಅಕ್ಕಿ ತುಂಬಿದರೆ ನಮ್ಮ ಮಿಲ್ಲಿನವರು ಪೊಲೀಸ್ ಸ್ಟೇಶನ್ನಿಗೆ ಹೋಗುತ್ತಾರೆ.

ಸಮತೋಲನ ಎಂಬ ಪದವೇ ನಮ್ಮ ಭಾಗದವರಿಗೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು ಎಂದಿತು. ಆಮೇಲೆ 371(ಜೆ) ಬಂತು, ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಎಂಬ ಹೆಸರೂ ಬಂತು. ಆದರೆ ಕ್ರಿಕೆಟ್ ಸಂಸ್ಥೆ ಸರ್ಕಾರಿ ಇಲಾಖೆಯಲ್ಲ. ಅದರ ಪುಸ್ತಕದಲ್ಲಿ ನಾವು ರಾಯಚೂರು ವಲಯ. ರಾಜ್ಯ ತಂಡದ ಆಯ್ಕೆಗಾರರ ಕಣ್ಣಿಗೆ ಬೀಳಬೇಕಾದರೆ ನಮ್ಮ ಹುಡುಗ ಇಂದಿಗೂ ಬೆಂಗಳೂರಿನ ಬಸ್ಸು ಹತ್ತಿ, ಅಲ್ಲಿ ಒಂದು ರೂಮು ಹಿಡಿದು, ಒಂದು ಕ್ಲಬ್ಬು ಸೇರಬೇಕು. ಹಮಾಲರ ಮಗ ಯಾವ ದುಡ್ಡಿನಿಂದ ರೂಮು ಹಿಡಿಯಬೇಕು? ನೆರೆಯ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸು ಮಾಡಿ ತಿರುಗಿ ಬಂದು ಶಾಲೆಗೆ ಹೋಗುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಅವರು ಟೆಸ್ಟ್ ಆಡಿದರು, ಅದಕ್ಕೇ ನಮಗೆ ಕಥೆ ಗೊತ್ತಾಯಿತು. ಅದೇ ರೈಲಿನಲ್ಲಿ ಎಷ್ಟು ಜನ ಒಂದು ವರ್ಷ ಓಡಾಡಿ ನಿಲ್ಲಿಸಿದರು?

ಸಮಬಲಕ್ಕೆ ಲಿಲಾವೇ ದಾರಿ ಎನ್ನುವವರಿಗೆ ನಮ್ಮ ಕಡೆಯ ಜಂಗೀ ಕುಸ್ತಿಯನ್ನು ನೆನಪಿಸಬೇಕು. ಉರುಸಿನಲ್ಲಿ, ಜಾತ್ರೆಯಲ್ಲಿ ಕುಸ್ತಿ ಇದ್ದರೆ ಮೊದಲ ಕೆಲಸ ಜೋಡು ಹಚ್ಚುವುದು. ಹಳೆಯ ಪೈಲ್ವಾನರು, ತಾಲೀಮಿನ ಉಸ್ತಾದರು ಕಣದ ನಡುವೆ ನಿಂತಿರುತ್ತಿದ್ದರು. ಒಬ್ಬ ಹುಡುಗ ಲಂಗೋಟಿ ಕಟ್ಟಿ ಬಂದರೆ ಅವನ ತೋಳು ಹಿಡಿದು, ಕುತ್ತಿಗೆ ನೋಡಿ, ಯಾವ ತಾಲೀಮು, ಎಷ್ಟು ವರ್ಷ ಎಂದು ಕೇಳಿ, ಅಂಥದ್ದೇ ಇನ್ನೊಬ್ಬನನ್ನು ಜನರ ನಡುವಿನಿಂದ ಹುಡುಕಿ ಎದುರಿಗೆ ನಿಲ್ಲಿಸುತ್ತಿದ್ದರು. ಮೊದಲು ಕಾಯಿ ಕುಸ್ತಿ: ಗೆದ್ದವನಿಗೆ ಒಂದು ತೆಂಗಿನಕಾಯಿ. ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಸಮಬಲ ಎಂದರೆ ಆ ಜೋಡು. ಅದನ್ನು ಸಾವಿರ ಜನರ ಎದುರು, ಹಗಲಿನಲ್ಲಿ ಮಾಡುತ್ತಿದ್ದರು. ಜೋಡು ಸರಿ ಇಲ್ಲದಿದ್ದರೆ ಜನರೇ ಕೂಗುತ್ತಿದ್ದರು. ಲಂಗೋಟಿ ಕಟ್ಟಿಕೊಂಡು ಬಂದ ಹುಡುಗನಿಗೆ ಜೋಡು ಸಿಗದಿದ್ದರೆ ಅದು ಜೋಡು ಹಚ್ಚುವವರ ಅವಮಾನ, ಹುಡುಗನದಲ್ಲ.

ಆ ಕಾಲವನ್ನು ಹೊಗಳಿ ಮುಗಿಸುವ ಇರಾದೆ ನಮಗಿಲ್ಲ. ಕಡಗ ಕೊಡುತ್ತಿದ್ದವರು ಗೌಡರು, ದೇಸಾಯಿಗಳು, ಜಾಗೀರದಾರರು. ಯಾರ ತಾಲೀಮಿಗೆ ಹಾಲು ಬಾದಾಮಿ ಹೋಗಬೇಕೆಂದು ಅವರೇ ನಿರ್ಧರಿಸುತ್ತಿದ್ದರು. ಕೆಲವು ಜಾತಿಯ ಹುಡುಗರು ಕಣದ ಹೊರಗೆ ಹಲಗೆ ಬಾರಿಸುತ್ತ ನಿಂತಿರುತ್ತಿದ್ದರು. ಹೆಣ್ಣುಮಕ್ಕಳ ಮಾತಂತೂ ಬಿಡಿ. ಶಾದಿ ಮಹಲಿನ ಲಿಲಾವಿನಲ್ಲೂ ಅವರಿರಲಿಲ್ಲ. ನಾವು ಹೇಳುತ್ತಿರುವುದು ಇಷ್ಟೇ: ಯಜಮಾನಿಕೆಯ ಆ ಕಾಲದಲ್ಲೂ ಬಲವನ್ನು ಅಳೆಯುತ್ತಿದ್ದದ್ದು ಹುಡುಗನ ತೋಳಿನಲ್ಲಿ, ಕೊಳ್ಳುವವನ ಪರ್ಸಿನಲ್ಲಲ್ಲ.

ಸಮಬಲ ಎಂಬ ಮಾತನ್ನು ಮಾಲೀಕರು ಬಳಸಿಕೊಂಡ ಬಗೆಗೆ ಅಮೆರಿಕದ ಬೇಸ್‌ಬಾಲ್ ಒಳ್ಳೆಯ ಉದಾಹರಣೆ. 1879ರಲ್ಲಿ ಅಲ್ಲಿನ ಕ್ಲಬ್ ಮಾಲೀಕರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬರ ಆಟಗಾರನನ್ನು ಇನ್ನೊಬ್ಬರು ಕರೆಯಬಾರದು, ಅಷ್ಟೆ. ಕ್ರಮೇಣ ಅದು ಎಲ್ಲ ಆಟಗಾರರ ಕೊರಳಿಗೂ ಬಿತ್ತು. ಕರಾರು ಮುಗಿದರೂ ಆಟಗಾರ ಅದೇ ಮಾಲೀಕನ ಸೊತ್ತು. ಕೇಳಿದವರಿಗೆ ಕೊಟ್ಟ ಸಮಜಾಯಿಷಿ: ಹೀಗೆ ಕಟ್ಟಿಹಾಕದಿದ್ದರೆ ಶ್ರೀಮಂತ ಕ್ಲಬ್ಬುಗಳು ಒಳ್ಳೆಯವರನ್ನೆಲ್ಲ ಕೊಂಡುಬಿಡುತ್ತವೆ, ಸಮಬಲ ಹೋಗುತ್ತದೆ. 1956ರಲ್ಲಿ ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ಈ ವಾದದ ಬುಡ ಅಲ್ಲಾಡಿಸಿದರು. ಕಟ್ಟಿಹಾಕಿದರೂ ಒಳ್ಳೆಯ ಆಟಗಾರರು ಕೊನೆಗೆ ದೊಡ್ಡ ಊರಿನ ಕ್ಲಬ್ಬಿಗೇ ಹೋಗುತ್ತಾರೆ, ಏಕೆಂದರೆ ಸಣ್ಣ ಕ್ಲಬ್ಬಿನ ಮಾಲೀಕ ಅವರನ್ನು ಮಾರುತ್ತಾನೆ. ವ್ಯತ್ಯಾಸ ಇಷ್ಟೇ, ದುಡ್ಡು ಆಟಗಾರನ ಬದಲು ಮಾಲೀಕನ ಜೇಬು ಸೇರುತ್ತದೆ ಎಂಬುದು ಅವರ ವಾದದ ಸಾರ. ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು 1969ರಲ್ಲಿ ಸೇಂಟ್ ಲೂಯಿಸ್ಸಿನ ಕ್ಲಬ್ಬು ಫಿಲಡೆಲ್ಫಿಯಾಕ್ಕೆ ದಾಟಿಸಿತು. ಆತ ಹೋಗಲೊಲ್ಲೆ ಎಂದು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಆಟದ ಬದುಕು ಮುಗಿದೇ ಹೋಯಿತು. ಮೂರು ವರ್ಷದ ನಂತರ ಬೇರೆ ಇಬ್ಬರು ಆಟಗಾರರ ದೂರಿನಲ್ಲಿ ಪಂಚರು ಆ ಕಟ್ಟನ್ನು ಬಿಚ್ಚಿದರು. ಆಟವೇನೂ ಮುಳುಗಲಿಲ್ಲ.

ಆದರೂ ಅಮೆರಿಕದವರಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ಅವರ ಫುಟ್‌ಬಾಲ್ ಲೀಗಿನಲ್ಲಿ 1936ರಿಂದ, ಹೊಸ ಹುಡುಗರನ್ನು ಆರಿಸುವಾಗ ಹಿಂದಿನ ವರ್ಷ ಕಟ್ಟಕಡೆಗೆ ಬಂದ ತಂಡಕ್ಕೆ ಮೊದಲ ಸರದಿ. ಸೋತವನಿಗೆ ಮೊದಲ ಪಾಲು. ಬಂಡವಾಳದ ದೇಶವೇ ತನ್ನ ಆಟದಲ್ಲಿ ಇಂಥ ನಿಯಮ ಇಟ್ಟುಕೊಂಡಿದೆ. ಅಲ್ಲೂ ಆಟಗಾರನಿಗೆ ತಂಡ ಆರಿಸುವ ಹಕ್ಕಿಲ್ಲ ಎಂಬುದು ನಿಜ. ಆದರೆ ಕೊನೆಯವನಿಂದ ಎಣಿಕೆ ಶುರು ಮಾಡುವ ಆ ಒಂದು ಕ್ರಮ ನಮಗೆ ಹಿಡಿಸುತ್ತದೆ. ಅದನ್ನು ಕಾಲುವೆಯ ಮಾತು ಬಂದಾಗ ಮತ್ತೆ ಹೇಳುತ್ತೇವೆ.

ಇನ್ನು ಯಜಮಾನಿಕೆಯ ಪಕ್ಷದವರು. ಅವರ ಕೈಯಲ್ಲಿ ಬಾಂಬೆ ಎಂಬ ದೊಡ್ಡ ಇಸ್ಪೀಟೆಲೆ ಇದೆ. ರಣಜಿ ಟ್ರೋಫಿಯನ್ನು ಬಾಂಬೆ 1958-59ರಿಂದ 1972-73ರವರೆಗೆ ಸತತ 15 ಸಲ ಗೆದ್ದಿತು. ಆಟವೇನು ಸತ್ತಿತೇ ಎಂದು ಕೇಳುತ್ತಾರೆ. ಸಾಯಲಿಲ್ಲ, ನಾವೂ ಒಪ್ಪುತ್ತೇವೆ. ಏಕೆ ಸಾಯಲಿಲ್ಲ? ಬಾಂಬೆ ಆ ಹನ್ನೊಂದು ಜನರನ್ನು ಲಿಲಾವಿನಲ್ಲಿ ಕೊಂಡಿರಲಿಲ್ಲ. ಶಾಲೆಗಳ ಹ್ಯಾರಿಸ್ ಶೀಲ್ಡು, ಜೈಲ್ಸ್ ಶೀಲ್ಡು, 1948ರಿಂದ ಮಳೆಗಾಲದಲ್ಲೇ ಆಡುವ ಕಾಂಗಾ ಲೀಗು, ಒಂದರ ಮೈಮೇಲೊಂದು ಬಿದ್ದಂತಿರುವ ಮೈದಾನಗಳು, ಆಡುವವರಿಗೆ ನೌಕರಿ ಕೊಡುವ ಬ್ಯಾಂಕು ಮಿಲ್ಲುಗಳು: ಆ ಮಣ್ಣಿನಿಂದ ಅದು ಎದ್ದು ಬಂದಿತ್ತು. ಅಂಥ ಯಜಮಾನಿಕೆ ಎದುರಾಳಿಗೆ ಪಾಠ ಆಗುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ, 1974ರ ಮಾರ್ಚಿನಲ್ಲಿ, ಪ್ರಸನ್ನ ನಾಯಕತ್ವದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಗವಾಸ್ಕರ್, ವಾಡೇಕರ್ ಇದ್ದ ಬಾಂಬೆಯನ್ನು ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಹೊರಗೆ ಹಾಕಿತು. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ. ಬಾಂಬೆಯ ಜೇಬಿಗೆ ಯಾರೂ ಮಿತಿ ಹಾಕಿರಲಿಲ್ಲ. ಇನ್ನೊಂದು ಊರು ಬೆಳೆದು ಅದರ ಎತ್ತರಕ್ಕೆ ಬಂದಿತ್ತು.

ಹಾಗೆ ಬೆಳೆದದ್ದು ಮುಖ್ಯವಾಗಿ ಬೆಂಗಳೂರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಕಡೆಯ ಉರ್ದು ಶಾಲೆಯ ಮಾಸ್ತರರ ಮನಸ್ಸು ಇನ್ನೂ ಹೈದರಾಬಾದ್ ತಂಡದ ಮೇಲಿತ್ತು, ಜೈಸಿಂಹ, ಅಬ್ಬಾಸ್ ಅಲಿ ಬೇಗರ ಮೇಲಿತ್ತು. ನಿಜಾಮರ ಕಾಲದಲ್ಲಿ ನಾವು ಆ ಪ್ರಾಂತದವರೇ. 1937-38ರಲ್ಲಿ ಹೈದರಾಬಾದ್ ರಣಜಿ ಗೆದ್ದಾಗ ಲೆಕ್ಕದ ಪ್ರಕಾರ ನಮ್ಮ ಅಜ್ಜಂದಿರೂ ಗೆದ್ದಿದ್ದರು. 1956ರಲ್ಲಿ ಗಡಿ ಬದಲಾಯಿತು. ಹೈದರಾಬಾದಿನ ಬಾಲದ ತುದಿಯಾಗಿದ್ದವರು ಬೆಂಗಳೂರಿನ ಬಾಲದ ತುದಿಯಾದೆವು.

ವಿದರ್ಭವನ್ನು ನೋಡಿದಾಗ ನಮಗೆ ಹೊಟ್ಟೆಕಿಚ್ಚಾಗುತ್ತದೆ. ಮಹಾರಾಷ್ಟ್ರದೊಳಗಿನ ಹಿಂದುಳಿದ ಪ್ರದೇಶ, ರೈತರ ಆತ್ಮಹತ್ಯೆಯಿಂದ ಹೆಸರಾದದ್ದು. ಆದರೆ ಆ ರಾಜ್ಯದಲ್ಲಿ ರಣಜಿ ತಂಡ ಮೂರು: ಮುಂಬೈ, ಮಹಾರಾಷ್ಟ್ರ, ವಿದರ್ಭ. 2017-18ರ ಸೆಮಿಫೈನಲ್ಲಿನಲ್ಲಿ ವಿದರ್ಭ ಕೋಲ್ಕತ್ತದಲ್ಲಿ ನಮ್ಮ ಕರ್ನಾಟಕವನ್ನೇ 5 ರನ್ನಿನಿಂದ ಸೋಲಿಸಿತು, ರಜನೀಶ್ ಗುರ್ಬಾನಿ ಕೊನೆಯ ಇನ್ನಿಂಗ್ಸಿನಲ್ಲಿ ಏಳು ವಿಕೆಟ್ ಕಿತ್ತರು. ಅಲ್ಲಿಂದ ಫೈನಲ್ಲಿಗೆ ಹೋಗಿ ಕಪ್ಪು ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು, 2024-25ರಲ್ಲಿ ಮತ್ತೆ. ಕೋಚು ಮುಂಬೈಯಿಂದ ಬಂದರು, ವಾಸಿಂ ಜಾಫರ್ ಮುಂಬೈಯಿಂದ ಬಂದರು, ಸರಿ; ಆದರೆ ಮೈದಾನ ನಾಗಪುರದಲ್ಲಿತ್ತು, ಆಯ್ಕೆ ನಾಗಪುರದಲ್ಲಿ ನಡೆಯುತ್ತಿತ್ತು. ಹುಡುಗ ಮುಂಬೈಗೆ ಹೋಗಿ ರೂಮು ಹಿಡಿಯಬೇಕಿರಲಿಲ್ಲ. ಪ್ರತ್ಯೇಕ ರಾಜ್ಯದ ಮಾತು ನಮ್ಮದಲ್ಲ, ಅದನ್ನು ಆಡುವವರ ಸಹವಾಸವೂ ಬೇಡ. ಆಯ್ಕೆಯ ಟೇಬಲ್ಲು ನಮ್ಮ ಹತ್ತಿರಕ್ಕೆ ಬರಲಿ ಎಂಬುದಷ್ಟೇ ನಮ್ಮ ಮಾತು.

ಇಲ್ಲಿಗೆ ಬಂದಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ಸುಮಾರು 227 ಕಿ.ಮೀ. ಹರಿದು ರಾಯಚೂರಿನ ಕಡೆಗೆ ಹೋಗುತ್ತದೆ. ಹೋಗಬೇಕು. ಯೋಜನೆ ಮಾಡಿದವರು ಕಡಿಮೆ ನೀರಿನ ಬೆಳೆಗೆಂದು ಲೆಕ್ಕ ಹಾಕಿದ್ದರು. ಮೇಲ್ಭಾಗದ ನಾವು ಭತ್ತ ಬೆಳೆದೆವು, ಎರಡೆರಡು ಬೆಳೆ ಬೆಳೆದೆವು, ಕಾಲುವೆಗೆ ಪೈಪು ಇಟ್ಟೆವು. ಭತ್ತದ ಕಣಜ ಎಂಬ ಬಿರುದು ಬಂತು. ಕೊನೆಭಾಗದ ರೈತ ರಸ್ತೆಗೆ ಕೂತು ನೀರು ಬಿಡಿ ಎನ್ನುತ್ತಾನೆ. ಕಾಲುವೆಯಲ್ಲಿ ನಾವೇ ಬೆಂಗಳೂರು. ಮೇಲಿನವನು ಶ್ರಮಜೀವಿ, ಕೆಳಗಿನವನು ಸೋಮಾರಿ, ಅದಕ್ಕೇ ಅವನ ಹೊಲ ಒಣಗಿದೆ ಎಂಬ ಮಾತನ್ನು ನಮ್ಮೂರಿನ ಹೋಟೆಲುಗಳಲ್ಲಿ ನಾವೇ ಕೇಳಿದ್ದೇವೆ, ಸುಮ್ಮನೆ ಚಹಾ ಕುಡಿದು ಬಂದಿದ್ದೇವೆ. ಬಲವಿದ್ದವನು ಗೆಲ್ಲಲಿ ಎನ್ನುವ ಕ್ರಿಕೆಟ್ ಪಂಡಿತರ ಮಾತಿಗೂ ಇದಕ್ಕೂ ಏನು ಫರಕು? ನೀರಾವರಿ ಬಲ್ಲವರು ಹೇಳುವ ಒಂದು ಕ್ರಮ ಇದೆ: ಕಾಲುವೆ ಬಿಟ್ಟಾಗ ಮೊದಲು ಕೊನೆಯ ತೂಬಿಗೆ ನೀರು ಮುಟ್ಟಿಸಿ, ಆಮೇಲೆ ಒಂದೊಂದೇ ಮೇಲಿನ ತೂಬು ತೆಗೆಯುತ್ತ ಬನ್ನಿ. ಅಮೆರಿಕದವರ ಆ ಆಯ್ಕೆಯ ಸರದಿ ಇದೇ ಅಲ್ಲವೇ? ಕಪ್ಪು ಗೆದ್ದವರ ಪಟ್ಟಿಯನ್ನು ನಾವು ಪುರಾವೆ ಎಂದು ಒಪ್ಪದಿರುವುದು ಇದಕ್ಕೇ. ಮುನಿರಾಬಾದಿನ ತಲೆಯಲ್ಲಿ ನಿಂತು ಎಂಟು ತೂಬುಗಳಿಗೆ ಸಮ ಸಮ ನೀರು ಹಂಚಿದೆವು ಎಂದರೆ ಮಾನ್ವಿಯವನಿಗೆ ಏನು ಬಂತು?

ಮಹಾರಾಜ ಟ್ರೋಫಿ ನಡೆಸುವವರು ಗುಲ್ಬರ್ಗ ಹೆಸರಿನ ತಂಡವನ್ನು ಇಟ್ಟುಕೊಳ್ಳುವುದಾದರೆ ವರ್ಷಕ್ಕೆ ಎರಡು ಪಂದ್ಯವಾದರೂ ಕಲಬುರಗಿಯಲ್ಲಿ ಆಡಿಸಲಿ. ಮಂಗಳೂರಿಗೂ ಹುಬ್ಬಳ್ಳಿಗೂ ಇದೇ ಮಾತು. ಯಾವ ವಲಯದ ಹೆಸರೋ ಆ ವಲಯದ ನಾಲ್ಕು ಹುಡುಗರು ತಂಡದಲ್ಲಿ ಇರಲೇಬೇಕೆಂಬ ನಿಯಮ ಬರಲಿ, ಬೆಂಚಿನ ಮೇಲಲ್ಲ, ಹನ್ನೊಂದರಲ್ಲಿ. ಲೀಗಿನ ಗಳಿಕೆಯ ಒಂದು ಪಾಲು ಕೊನೆಯ ವಲಯಕ್ಕೆ ಮೊದಲು ಹೋಗಲಿ. ಇದರಿಂದ ಆಟದ ಗುಣಮಟ್ಟ ಕುಸಿಯುತ್ತದೆ, ಒಂದೆರಡು ವರ್ಷ ಗುಲ್ಬರ್ಗ ಸೋಲುತ್ತದೆ ಎನ್ನುವವರಿದ್ದಾರೆ. ಸೋಲಲಿ. ಬೇರೆಯವರನ್ನು ಕೂಲಿಗೆ ಕರೆದು ಗೆದ್ದ ಗೆಲುವಿಗಿಂತ ಆ ಸೋಲನ್ನು ನೋಡಲು ನಮ್ಮ ಜನ ಹೆಚ್ಚು ಬರುತ್ತಾರೆ.

ನಮ್ಮೂರಿನ ಟೂರ್ನಮೆಂಟಿನ ಸಮಿತಿಗೂ ಒಂದು ಅರ್ಜಿ ಕೊಟ್ಟಿದ್ದೇವೆ. ಲಿಲಾವು ಬೇಡ, ಚೀಟಿ ಎತ್ತಿ. ಹಿಂದಿನ ವರ್ಷ ಕೊನೆಗೆ ಬಂದ ಟೀಮಿಗೆ ಮೊದಲ ಚೀಟಿ ಕೊಡಿ. ಹೆಸರು ಕೊಟ್ಟ ಯಾವ ಹುಡುಗನೂ ಹೊರಗೆ ಉಳಿಯಬಾರದು, ಬೇಕಾದರೆ ಟೀಮು ಹೆಚ್ಚಿಸಿ. ಅಂಗಿಯ ಮೇಲೆ ಮಾಲೀಕರ ಬದಲು ಓಣಿಯ ಹೆಸರಿರಲಿ. ಸಮಿತಿಯ ಹಿರಿಯರು ಅರ್ಜಿಯನ್ನು ಎರಡು ಸಲ ಓದಿದರು. "ಸಾಹೇಬ್ರ, ಲಿಲಾವು ಇಲ್ಲಂದ್ರ ರೊಕ್ಕಾ ಹಾಕೋರು ಯಾರು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಗೆ ಹತ್ತು ರೂಪಾಯಿ ಚಂದಾ ಎತ್ತೋಣ, ಮೊಹರಮ್ಮಿಗೆ, ಗಣಪತಿಗೆ ಎತ್ತುವುದಿಲ್ಲವೇ ಎಂದೆವು. ನೋಡೋಣ ಎಂದರು. ಹುಡುಗ ಈಗ ಮಿಲ್ಲಿನ ಲಾರಿಗೆ ಕ್ಲೀನರಾಗಿ ಹೋಗುತ್ತಾನೆ, ಭಾನುವಾರ ಊರಲ್ಲಿದ್ದರೆ ಆಡುತ್ತಾನೆ. ಅರ್ಜಿ ಇನ್ನೂ ಸಮಿತಿಯವರ ಬಳಿಯೇ ಇದೆ. ಕೊಯ್ಲು ಮುಗಿಯಲು ಇನ್ನೂ ಮೂರು ವಾರವಾದರೂ ಬೇಕು.